ಕಾಗೆಬಂಡೆಯ ಕೆಂಪು ದಾರಿ

ಕವಲು ದಾಟಿದ ಮೇಲೆ ಸಿಗುವ ಮೊದಲ ಬೀಚ್ ಮರದ ಬೂದುಬಣ್ಣದ ನುಣುಪು ಕಾಂಡದ ಮೇಲೆ, ಎದೆಯೆತ್ತರಕ್ಕೆ, ಗುರುತು ಇತ್ತು. ಮೇಲೊಂದು ಬಿಳಿ ಪಟ್ಟೆ, ಕೆಳಗೊಂದು ಬಿಳಿ ಪಟ್ಟೆ, ನಡುವೆ ಬಣ್ಣದ ಪಟ್ಟೆ. ಅಂಚುಗಳು ಕತ್ತರಿಸಿ ಅಂಟಿಸಿದಷ್ಟು ನೇರ. ಲುಬೋಶ್ ಬೇಸಿಗೆಯಲ್ಲಿ ತನ್ನ ಕೈಯಾರೆ ಬಳಿದದ್ದು. ಕಾಗೆಬಂಡೆಗೆ ಹತ್ತುವುದು ಕೆಂಪು ದಾರಿ, ಆದ್ದರಿಂದ ನಡುವಿನ ಪಟ್ಟೆ ಕೆಂಪಾಗಿರಬೇಕು. ಬಲಕ್ಕೆ ಅಜ್ಜಿಹಲ್ಲು ಎಂಬ ಇನ್ನೊಂದು ಬಂಡೆಗೆ ಹೋಗುವುದು ಹಸಿರು ದಾರಿ, ಅಲ್ಲಿ ಹಸಿರಿರಬೇಕು. ಇದ್ದದ್ದು ಯಾವುದು ಎಂಬುದು ಬಳಿದವನಿಗೇ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವನ ಕಣ್ಣಿಗೆ ಕೆಂಪೂ ಒಂದೇ ಹಸಿರೂ ಒಂದೇ, ಎರಡೂ ಆರಿದ ಚಹಾದ ಬಣ್ಣ. ಇಂಥ ಕಣ್ಣು ಹೊತ್ತವನು ಚೆಕ್ ದೇಶದ ಯಿಜೆರಾ ಬೆಟ್ಟಗಳ ಚಾರಣ ಸಂಘದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದಾರಿಗಳಿಗೆ ಬಣ್ಣ ಬಳಿಯುವ ಗುರುತುಗಾರನಾಗಿದ್ದ. ಎರಡು ಸಲ ಬೆಳ್ಳಿ ಪದಕವನ್ನೂ ತೆಗೆದುಕೊಂಡಿದ್ದ. ಬೆಳ್ಳಿಯ ಬಣ್ಣದಲ್ಲಿ ಅವನಿಗೆ ಯಾವ ಗೊಂದಲವೂ ಇರಲಿಲ್ಲ.

ಮುಂದೆ ಒತಾಕರ್ ನಡೆಯುತ್ತಿದ್ದ. ಲಿಬೆರೆತ್ಸ್‌ನಿಂದ ಬಂದ ಜಿಲ್ಲಾ ಮುಖ್ಯಸ್ಥ, ಹೊಟ್ಟೆ ಮೊದಲು ತಾನು ಆಮೇಲೆ ಎಂಬಂತೆ ಹತ್ತುವ ಮನುಷ್ಯ. ಅವನ ಹಿಂದೆ ಶಾಲಾ ಶಿಕ್ಷಕಿ ಲಿಬೂಶೆ. ದೂರು ಕೊಟ್ಟವಳು ಇವಳೇ: ತನ್ನ ತರಗತಿಯ ಮಕ್ಕಳನ್ನು ಕಾಗೆಬಂಡೆ ತೋರಿಸಲು ಕರೆದುಕೊಂಡು ಹೊರಟವಳು ಮಂಜಿನಲ್ಲಿ ಗುರುತು ನಂಬಿಕೊಂಡು ಅಜ್ಜಿಹಲ್ಲಿನ ನೆತ್ತಿಯ ಮೇಲೆ ಹೋಗಿ ನಿಂತಿದ್ದಳು. ಅವಳ ಹಿಂದೆ ಯಾರ್ಮಿಲಾ, ಲುಬೋಶನ ಹೆಂಡತಿ. ಎಲ್ಲರಿಗಿಂತ ಹಿಂದೆ ಲುಬೋಶ್, ಯಾಕೆಂದರೆ ಹಿಂದಿನಿಂದ ನೋಡಿದರೆ ಮೂವರ ಕತ್ತೂ ಕಾಣುತ್ತದೆ. ಮರ ಬಂದಾಗ ಒತಾಕರನ ಕತ್ತು ಗುರುತಿನ ಕಡೆ ತಿರುಗಿತು, ನಿಂತಿತು, ಮುಂದಕ್ಕೆ ಹೋಯಿತು. ಲಿಬೂಶೆ ಕೆಮ್ಮಿದಳು. ಯಾರ್ಮಿಲಾ ನೋಡಿ ಮುಂದೆ ನಡೆದಳು. ಕೆಮ್ಮಿಗೆ ಅರ್ಥವೇನು? ಅಕ್ಟೋಬರ್ ತಿಂಗಳು, ಮೋಡ ಕವಿದ ಬೆಟ್ಟ, ಶಿಕ್ಷಕಿಯರ ಗಂಟಲು ಮೊದಲೇ ನಾಜೂಕು, ಕೆಮ್ಮಬಾರದೇ? ಒತಾಕರ್ ತಿರುಗದೆಯೇ, "ಅಂಚು ಬಹಳ ನೇರ ಬಂದಿದೆ ಕಣಯ್ಯಾ ಲುಬೋಶ್," ಅಂದ. "ಪಟ್ಟಿ ಇಟ್ಟು ಬಳಿದೆಯಾ?"

"ಪಟ್ಟಿ ಯಾಕೆ? ಕೈ ಸಾಕು," ಅಂದ ಲುಬೋಶ್. ಅಂಚಿನ ಬಗ್ಗೆ ಹೊಗಳಿದನೆಂದರೆ ಬಣ್ಣ ಸರಿಯಿದೆ ಎಂದರ್ಥ. ಅಥವಾ ಹೊಗಳಲು ಬೇರೇನೂ ಸಿಗಲಿಲ್ಲ ಎಂದರ್ಥ. ಹುಡುಗಿ ನೋಡಲು ಹೋದವರು ಹುಡುಗಿಯನ್ನು ಬಿಟ್ಟು ಅವರ ಮನೆಯ ತಿಂಡಿ ಹೊಗಳಿದ ಹಾಗೆ.

ಬೇಸಿಗೆಯ ಆ ಎರಡು ಬಣ್ಣದ ಸೀಸೆಗಳನ್ನು ಅವನು ಎಷ್ಟು ಸಲ ಮನಸ್ಸಿನಲ್ಲೇ ಇಳಿಜಾರಿನಲ್ಲಿ ಉರುಳಿಸಿದ್ದನೋ. ದೊಡ್ಡ ಡಬ್ಬಿ ಹೊತ್ತು ಬೆಟ್ಟ ಹತ್ತುವ ಗುರುತುಗಾರ ಯಾವ ದೇಶದಲ್ಲೂ ಇಲ್ಲ. ಎಲ್ಲರೂ ಮನೆಯಲ್ಲಿ ಮಿಕ್ಕ ಜಾಮಿನ ಸೀಸೆಗಳಿಗೆ ಬೇಕಾದಷ್ಟು ಬಣ್ಣ ಸುರಿದುಕೊಂಡು ಹೋಗುತ್ತಾರೆ. ಆ ಕೆಲಸ ಯಾವಾಗಲೂ ಯಾರ್ಮಿಲಾಳದ್ದು. ಈ ಬೇಸಿಗೆ ಅವಳು ಬರಲಿಲ್ಲ. ಹಾಗಾಗಿ ಅವನೇ ಡಬ್ಬಿಯ ಮೇಲಿನ ಅಕ್ಷರ ಓದಿ ಸುರಿದ, ಕೆಂಪನ್ನು ಚೀಲದ ಎಡಕ್ಕೆ, ಹಸಿರನ್ನು ಬಲಕ್ಕೆ ಇಟ್ಟ, ದಾರಿಯುದ್ದಕ್ಕೂ ಎಡ ಕೆಂಪು ಬಲ ಹಸಿರು ಎಂದು ಜಪ ಮಾಡುತ್ತಾ ಕವಲಿನ ತನಕ ಬಂದ. ಕವಲಿನಲ್ಲಿ ಕುಂಚ ತೆಗೆಯಲು ಚೀಲ ಕೆಳಗಿಟ್ಟ, ಚೀಲ ಮಗುಚಿತು, ಎರಡೂ ಸೀಸೆ ಹಳೆಯ ಎಲೆಗಳ ಮೇಲೆ ಸದ್ದಿಲ್ಲದೆ ಉರುಳಿ ಒಂದೇ ಬಂಡೆಗೆ ತಾಗಿ ಅಕ್ಕಪಕ್ಕ ನಿಂತವು. ಒಡೆದಿದ್ದರಾದರೂ ಮನೆಗೆ ಹೋಗಬಹುದಿತ್ತು. ಅವನು ಬಿಸಿಲಿಗೆ ಹಿಡಿದ. ನೆರಳಿಗೆ ಹಿಡಿದ. ಕೊನೆಗೆ ಐವತ್ತು ದಾಟಿದ, ಮಣಿ ಕಾರ್ಖಾನೆಯ ಕಚೇರಿಯಲ್ಲಿ ಕುರ್ಚಿ ಮೇಜು ಇರುವ ಮನುಷ್ಯ ಕಾಡಿನ ಮಧ್ಯೆ ಮೊಣಕಾಲೂರಿ ಎರಡೂ ಸೀಸೆಗಳನ್ನು ಮೂಸಿ ನೋಡಿದ. ಎರಡೂ ಬಣ್ಣದ ವಾಸನೆ ಹೊಡೆಯುತ್ತಿದ್ದವು. ಆಗ ಯಾರೋ ಒಬ್ಬಳು ನಾಯಿ ಹಿಡಿದುಕೊಂಡು ಬಂದು "ಅಹೋಯ್!" ಅಂದಳು. ಅವಳನ್ನು ಕೇಳಿದ್ದರೆ ಮುಗಿದೇ ಹೋಗಿತ್ತು. ಅವನೂ "ಅಹೋಯ್" ಅಂದ, ನಾಯಿಯ ತಲೆ ಸವರಿದ, ಅವಳು ಮರೆಯಾಗುವ ತನಕ ಕಾದು ಒಂದು ಸೀಸೆ ಎತ್ತಿಕೊಂಡ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಅನ್ನುತ್ತಾರೆ. ಮಾನ ಉಳಿಸಿಕೊಳ್ಳಬೇಕಾದವನಿಗೆ ಎರಡೂ ವಾಸಿಯೇ.

"ಅಬ್ಬಾ, ಏನ್ ಬಣ್ಣ, ಏನ್ ಬಣ್ಣ!" ಲಿಬೂಶೆ ನಿಂತು ಕೈಯೆತ್ತಿದಳು. ಮೇಲಿನ ಇಳಿಜಾರೆಲ್ಲ ಬೀಚ್ ಕಾಡು, ಎಲೆ ಹಣ್ಣಾಗುವ ವಾರ. ಪ್ರಾಗ್‌ನಿಂದ ಜನ ಕಾರು ಮಾಡಿಕೊಂಡು ಬಂದು ಬಾಯಿ ತೆರೆದುಕೊಂಡು ನೋಡುವುದು ಇದನ್ನೇ. "ಬೆಂಕಿ ಬಿದ್ದ ಹಾಗಿದೆ ಅಲ್ವಾ ಲುಬೋಶ್?"

"ಬೆಂಕೀನೇ," ಅಂದ ಲುಬೋಶ್. ಅವನಿಗೆ ಕಾಣುತ್ತಿದ್ದದ್ದು ಚಹಾದ ಗಸಿ. ಆದರೂ ಪ್ರತಿ ಅಕ್ಟೋಬರಿನಲ್ಲೂ ಅವನು ತಪ್ಪದೆ ಬೆರಗಾಗಿದ್ದ, ಉಳಿದವರಿಗಿಂತ ಒಂದು ಕ್ಷಣ ತಡವಾಗಿ. ಜನ ಅದನ್ನು ಗಾಂಭೀರ್ಯ ಎಂದುಕೊಂಡಿದ್ದರು.

ಹದಿನೆಂಟರ ವಯಸ್ಸಿನಲ್ಲಿ ರೈಲ್ವೆ ವೈದ್ಯ ಅವನ ಮುಂದೆ ಚುಕ್ಕೆಗಳು ತುಂಬಿದ ಒಂದು ಪುಟ ಹಿಡಿದು, ಒಳಗೆ ಯಾವ ಅಂಕಿ ಕಾಣಿಸುತ್ತೆ ಎಂದು ಕೇಳಿದ್ದ. ಚುಕ್ಕೆಗಳೊಳಗೆ ಚುಕ್ಕೆಗಳಿದ್ದವು. ಹೊರಗೆ ಬೆಂಚಿನ ಮೇಲೆ ಅಪ್ಪ ಎಂಜಿನ್ ಡ್ರೈವರನ ಸಮವಸ್ತ್ರ ಹಾಕಿಕೊಂಡು, ಗುಂಡಿಗೆ ಪಾಲಿಶ್ ಹೊಡೆದುಕೊಂಡು, ಮಗ ಡ್ರೈವರನಾಗಿ ಹೊರಬರುವುದನ್ನು ಕಾಯುತ್ತಿದ್ದ. ಲುಬೋಶ್ ಹೊರಬಂದು, "ಎದೆಬಡಿತ ಸರಿ ಇಲ್ವಂತೆ ಅಪ್ಪಾ," ಅಂದ. ಎದೆಗೆ ಒಂದು ಮರ್ಯಾದೆಯಿದೆ. ಎದೆ ಕೆಟ್ಟವನನ್ನು ನೋಡಿ ಯಾರೂ ನಗುವುದಿಲ್ಲ. ಅಪ್ಪ ಅವನನ್ನು ತಬ್ಬಿಕೊಂಡ. ಅಮ್ಮ ವರ್ಷಗಟ್ಟಲೆ ಮೂಳೆ ಸಾರು ಕುಡಿಸಿದಳು. ಮದುವೆಯ ಹಿಂದಿನ ದಿನ ಅತ್ತೆಯ ಕಿವಿಗೂ ಯಾರೋ ಈ ಎದೆಯ ಸುದ್ದಿ ತಲುಪಿಸಿದ್ದರು, ಯಾರ್ಮಿಲಾ ಅತ್ತುಕೊಂಡು, ಆದರೂ ಇವನನ್ನೇ ಆಗ್ತೀನಿ ಎಂದಳಂತೆ. ಒಳ್ಳೆಯ ಹೆಂಡತಿ ಸಿಗಲು ಹೀಗೂ ದಾರಿಯಿದೆ.

ಇವತ್ತು ಬೆಳಿಗ್ಗೆ ಅವಳು ಬ್ರೆಡ್ಡಿಗೆ ಹಂದಿಕೊಬ್ಬು ಸವರಿ ಮೇಲೆ ಈರುಳ್ಳಿ ಬಿಲ್ಲೆ ಜೋಡಿಸುತ್ತಾ, ಬೆನ್ನು ತೋರಿಸಿಕೊಂಡೇ ಹೇಳಿದ್ದಳು: "ಸತ್ತವರ ಹಬ್ಬಕ್ಕೆ ಸಮಾಧಿಗೆ ದೀಪ ಇಟ್ಟು, ಆಮೇಲೆ ಬ್ರ್ನೋದಲ್ಲಿ ತಂಗಿ ಮನೆಗೆ ಹೋಗ್ತೀನಿ. ವಾಪಸ್ ಬರ್ತೀನೋ ಇಲ್ವೋ, ಅಲ್ಲಿ ಹೋಗಿ ಯೋಚಿಸ್ತೀನಿ." ಅವನು ಉಪ್ಪಿನಕಾಯಿ ಸೌತೆಯ ಭರಣಿಯ ಮುಚ್ಚಳ ತಿರುಗಿಸುತ್ತಿದ್ದ, ಅದು ಬರುತ್ತಿರಲಿಲ್ಲ. "ನನ್ನನ್ನ ಯಾವಾಗ್ಲೂ ಹಾಗ್ಯಾಕೆ ಪರೀಕ್ಷೆ ಮಾಡ್ತೀಯ, ಒಂದೇ ಒಂದು ಕಾರಣ ಕೊಡು ಅಂತ ಏಪ್ರಿಲ್ಲಿನಲ್ಲೇ ಕೇಳಿದ್ನಲ್ಲ," ಅಂದಳು. "ಒಂದು. ನಿಜವಾದದ್ದು. ಕೊಟ್ಟಿದ್ರೆ ಇರ್ತಿದ್ದೆ."

ಏಪ್ರಿಲ್ಲಿನಲ್ಲಿ ಆದದ್ದು ಇಷ್ಟೇ. ಹೊಸದಾಗಿ ಸೇರಿದವರಿಗೆ ಗುರುತು ಬಳಿಯುವುದನ್ನು ಕಲಿಸುವ ದಿನ. ಗುರುತುಗಾರರು ಯಾವಾಗಲೂ ಜೋಡಿಯಾಗಿ ಹೋಗಬೇಕೆಂಬುದು ಸಂಘದ ನಿಯಮ. ಒಬ್ಬ ಬಳಿಯುತ್ತಾನೆ, ಇನ್ನೊಬ್ಬ ದೂರ ನಿಂತು ನೋಡುತ್ತಾನೆ. ಅವರ ಜೋಡಿಯಲ್ಲಿ ಬಳಿಯುವವನು ಅವನು, ಸೀಸೆ ಹಿಡಿಯುವವಳು ಅವಳು, ಇಷ್ಟೂ ವರ್ಷ ಒಂದು ದಿನವೂ ಅದಲುಬದಲಾಗಿರಲಿಲ್ಲ. ಪ್ರತಿ ಕವಲಿನಲ್ಲೂ ಅವನು ಗಡ್ಡ ಕೆರೆದುಕೊಂಡು ಮೇಷ್ಟರ ಧ್ವನಿಯಲ್ಲಿ ಕೇಳುತ್ತಿದ್ದ: "ಹೂಂ, ಇಲ್ಲಿ ಹಳೇ ಬಣ್ಣ ಯಾವುದಿದೆ? ಹೇಳು ನೋಡೋಣ." ಅವಳು ಹೇಳುತ್ತಿದ್ದಳು. "ಸರಿಯಾಗಿ ನೋಡಿ ಹೇಳು." ಅವಳು ಸರಿಯಾಗಿ ನೋಡಿ ಹೇಳುತ್ತಿದ್ದಳು. "ಈಗ ಯಾವ ಸೀಸೆ ಕೊಡ್ತೀಯ? ಹೆಸರು ಹೇಳಿ ಕೊಡು." ಅದು ಅಹಂಕಾರವಲ್ಲ, ಭಿಕ್ಷೆ, ಆದರೆ ಭಿಕ್ಷುಕನ ಧ್ವನಿಯಲ್ಲಿ ಕೇಳಿದರೆ ಎಲ್ಲರಿಗೂ ಗೊತ್ತಾಗುತ್ತದಲ್ಲ, ಹಾಗಾಗಿ ಜಮೀನ್ದಾರನ ಧ್ವನಿಯಲ್ಲಿ ಕೇಳುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಆ ದಿನ ಹೊಸಬರ ಎದುರಿಗೆ, "ಯಾರ್ಮಿಲಾ, ಇದ್ಯಾವ ಬಣ್ಣ? ಎಲ್ರಿಗೂ ಕೇಳೋ ಹಾಗೆ, ಜೋರಾಗಿ," ಅಂದ. ಹೊಸಬರು ನಕ್ಕರು. ಯಾರ್ಮಿಲಾ, "ಕೆಂಪು," ಅಂದಳು, ಜೋರಾಗಿ. ಆಮೇಲೆ ಸೀಸೆಯನ್ನು ಬೇರಿನ ಮೇಲೆ ಇಟ್ಟು, ಏಪ್ರನ್ ಬಿಚ್ಚಿ ಮಡಿಸಿ ಅದರ ಪಕ್ಕ ಇಟ್ಟು, ಬಸ್ ಸ್ಟಾಪಿನ ಕಡೆ ಇಳಿದು ಹೋದಳು. ಹೋಗುವವಳ ಬೆನ್ನಿಗೆ ಇವನು, "ಏಪ್ರನ್ ಸಂಘದ್ದು, ಹಾಗೆಲ್ಲಾ ನೆಲದ ಮೇಲೆ ಇಡಬಾರ್ದು," ಅಂದಿದ್ದ. ಅದನ್ನು ನೆನೆದರೆ ಈಗಲೂ ಅವನ ಕಿವಿ ಬಿಸಿಯಾಗುತ್ತದೆ.

ಬೇಸಿಗೆಯಲ್ಲಿ ಒಬ್ಬನೇ ಹೋಗಿ ಬಳಿದು ಬಂದದ್ದನ್ನು ಅವನು ಸಂಘಕ್ಕೆ ತಿಳಿಸಲಿಲ್ಲ. ಜೋಡಿಯಾಗಿಯೇ ಹೋಗಿದ್ದೆವು ಎಂದ. ಹೆಂಡತಿ ಜೊತೆಗೆ ಬರುವುದನ್ನು ಬಿಟ್ಟಳೆಂದು ಊರಿಗೆಲ್ಲ ಸಾರುವುದು ಬೇಡವಾಗಿತ್ತು. ಈಗ ಒತಾಕರ್, "ಇಬ್ರೂ ಬನ್ನಿ, ದಾರಿ ಒಂದ್ಸಲ ನೋಡ್ಕೊಂಡು ಬರೋಣ," ಎಂದು ಇಬ್ಬರನ್ನೂ ಕರೆಸಿದ್ದ. ಯಾರ್ಮಿಲಾ ಬರುವುದಿಲ್ಲ ಎನ್ನುತ್ತಾಳೆಂದು ಕಾದ. ಅವಳು ಬೂಟು ಕಟ್ಟಿಕೊಂಡಳು.

ಎರಡನೇ ಗುರುತು, ಮೂರನೆಯದು. ಪ್ರತಿ ಮರದಲ್ಲೂ ಒತಾಕರ್ ಒಂದೊಂದು ಒಳ್ಳೆಯ ಮಾತು ಹೇಳುತ್ತಾ ಹೋದ. ತೊಗಟೆ ಚೆನ್ನಾಗಿ ಉಜ್ಜಿದ್ದೀಯ. ದೂರದಿಂದಲೂ ಕಾಣುತ್ತೆ. ಎತ್ತರ ಸರಿಯಾಗಿದೆ. ಲುಬೋಶನ ಹೆಜ್ಜೆ ಹಗುರಾಗುತ್ತಾ ಬಂತು. ಸೀಸೆ ಸರಿಯಾದದ್ದೇ ಎತ್ತಿದ್ದೇನೆ! ದೇವರಿದ್ದಾನೆ, ಕನಿಷ್ಠ ಬಣ್ಣದ ವಿಭಾಗದಲ್ಲಾದರೂ. ಶಿಕ್ಷಕಿಯೇ ಹರಟೆ ಹೊಡೆಯುತ್ತಾ ದಾರಿ ತಪ್ಪಿರಬೇಕು. ಅವನಿಗೆ ಸ್ವಲ್ಪ ಧಿಮಾಕೂ ಬಂತು. "ಮಕ್ಕಳನ್ನ ಕರ್ಕೊಂಡು ಬರುವಾಗ ಗುರುತು ನೋಡ್ಕೊಂಡು ಬರಬೇಕು ಲಿಬೂಶೆ," ಅಂದ. "ನಾವು ಬಳಿಯೋದು ಮರಕ್ಕೆ ಚಂದ ಕಾಣ್ಲಿ ಅಂತಲ್ಲ."

ಲಿಬೂಶೆ ನಿಂತಳು, ಬಾಯಿ ತೆರೆದಳು, ಒತಾಕರನ ಮುಖ ನೋಡಿದಳು, ಮುಚ್ಚಿದಳು. "ನೋಡ್ಕೊಂಡೇ ಬಂದಿದ್ದೆ," ಅಂದಳು. ಯಾರ್ಮಿಲಾ ತಿರುಗಿ ಗಂಡನನ್ನು ದಿಟ್ಟಿಸಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು, ಮನುಷ್ಯನಿಗೆ ಇಷ್ಟೂ ನಾಚಿಕೆ ಇಲ್ಲದಿರಲು ಸಾಧ್ಯವೇ ಎಂಬ ಆಶ್ಚರ್ಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನಿಗಾದರೂ ಹೆಗಲೆಲ್ಲಿದೆ ಎಂದು ಗೊತ್ತಿರುತ್ತದೆ. ಇವನಿಗೆ ತಾನು ಕಳ್ಳನೋ ಸಾಹುಕಾರನೋ ಎಂಬುದೇ ಬೇರೆಯವರ ಮುಖ ನೋಡಿ ತಿಳಿಯಬೇಕಿತ್ತು. ಅವನ ಧಿಮಾಕು ಅಲ್ಲಿಗೇ ಇಳಿಯಿತು.

ಕಾಗೆಬಂಡೆಯ ನೆತ್ತಿಗೆ ಕಲ್ಲಿನಲ್ಲೇ ಕೊರೆದ ಮೆಟ್ಟಿಲುಗಳಿವೆ, ಕೊನೆಯಲ್ಲಿ ಹಿಡಿದುಕೊಳ್ಳಲು ಸರಪಳಿ, ಮೇಲೆ ಕಬ್ಬಿಣದ ಶಿಲುಬೆ. ನಾಲ್ವರೂ ಹತ್ತಿ ಕುಳಿತರು. ಕೆಳಗೆ ಬಯಲು, ಇಗರ್ಜಿಯ ಜೋಡಿ ಗೋಪುರ, ಅದರಾಚೆ ಪೋಲೆಂಡು. ಬ್ರೆಡ್ಡು ಕೈಯಿಂದ ಕೈಗೆ ಹೋಯಿತು. ಒತಾಕರ್ ಜೇಬಿನಿಂದ ಪ್ಲಮ್ ಹಣ್ಣಿನ ಸಾರಾಯಿಯ ಚಪ್ಪಟೆ ಬಾಟಲಿ ತೆಗೆದು ಎಲ್ಲರಿಗೂ ಒಂದೊಂದು ಗುಟುಕು ಕೊಟ್ಟು, ಮೀಸೆ ಒರೆಸಿಕೊಂಡ.

"ಈಗ ವಿಷಯಕ್ಕೆ ಬರೋಣ," ಅಂದ. "ಕವಲಿನಿಂದ ಇಲ್ಲೀವರೆಗೂ ಕೆಂಪು ದಾರಿ ಅಷ್ಟೂ ಹಸಿರಾಗಿದೆ. ಆ ಕಡೆ ಅಜ್ಜಿಹಲ್ಲು ಕೆಂಪಗಾಗಿ ಕೂತಿದೆ. ನಾನು ಹೋದ ವಾರವೇ ಬಂದು ನೋಡಿದ್ದೆ. ಜನ ಎಲ್ಲಾ ಫೋನಲ್ಲಿ ನಕ್ಷೆ ನೋಡ್ಕೊಂಡು ನಡೀತಾರೆ, ಹಾಗಾಗಿ ಬಚಾವು." ಅವನು ಯಾರ್ಮಿಲಾಳ ಕಡೆ ತಿರುಗಿ, ಹಲ್ಲು ಕೀಳುವ ಮೊದಲು ವೈದ್ಯರು ನಗುವ ಹಾಗೆ ನಕ್ಕ. "ನೋಡು ಯಾರ್ಮಿಲಾ, ಬೇಜಾರ್ ಮಾಡ್ಕೋಬೇಡ. ನಿಮ್ಮ ಜೋಡೀಲಿ ಸೀಸೆ ನೋಡ್ಕೊಳ್ಳೋದು ನೀನು. ವಯಸ್ಸಾಗ್ತಾ ಎಲ್ರಿಗೂ ಆಗುತ್ತೆ. ಒಂದ್ಸಲ ಕಣ್ಣು ತೋರಿಸ್ಕೊಂಡು ಬಿಡು. ಲುಬೋಶ್ ಜೊತೆ ಬೇರೆ ಯಾರನ್ನಾದ್ರೂ ಹಾಕ್ತೀನಿ."

ಇಲ್ಲಿ ಯಾರ್ಮಿಲಾ, ನಾನು ಬಂದೇ ಇಲ್ಲ, ಏಪ್ರಿಲ್ಲಿನಿಂದ ಸೀಸೆ ಮುಟ್ಟಿಲ್ಲ ಎನ್ನಬೇಕಾಗಿತ್ತು. ಅವಳು ಅನ್ನಲಿಲ್ಲ. ಮಡಿಲಲ್ಲಿ ಬಿದ್ದ ಬ್ರೆಡ್ಡಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಗೈಗೆ ಹಾಕಿಕೊಂಡು, ಗಂಡನತ್ತ ನೋಡಿದಳು. ಲುಬೋಶ್ ಲೆಕ್ಕ ಹಾಕಿದ. ಎಂಥ ಸುಲಭದ ದಾರಿ! ಹೆಂಡತಿಯ ಕಣ್ಣು ಮಂಜಾಗಿದೆ, ಗಂಡ ಪಾಪ ನಂಬಿ ಬಳಿದ. ಹೊಸ ಜೋಡಿ, ಹೊಸ ಕಣ್ಣು, ಅದೇ ಮೇಷ್ಟರ ಧ್ವನಿ. ತಲೆಯಾಡಿಸಿದರೆ ಸಾಕು, ಬಾಯಿ ತೆರೆಯುವ ಖರ್ಚೂ ಇಲ್ಲ. ಅವಳು ಚೂರು ಆರಿಸುತ್ತಿದ್ದ ಬೆರಳುಗಳ ಮೇಲೆ ಉಗುರಿನ ಪಕ್ಕ ಹಳೆಯ ಬಣ್ಣದ ಕಲೆಯೊಂದು ಉಳಿದಿತ್ತು, ಯಾವ ಬಣ್ಣವೋ ಏನೋ. ಅವನಿಗೆ ತನ್ನ ಮೇಲೆ ಎಷ್ಟು ಹೇಸಿಗೆಯಾಯಿತೆಂದರೆ ಬಾಯಿ ತಾನಾಗಿಯೇ ತೆರೆಯಿತು.

"ಅವಳದಲ್ಲ ತಪ್ಪು. ಅವಳು ಬಂದೇ ಇಲ್ಲ, ನಾನೊಬ್ನೇ ಬಳಿದಿದ್ದು," ಅಂದ. "ನಂಗೆ ಕೆಂಪು ಯಾವುದು ಹಸಿರು ಯಾವುದು ಗೊತ್ತಾಗಲ್ಲ. ಹುಟ್ಟಿನಿಂದ್ಲೂ."

ಒತಾಕರ್ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು ನಕ್ಕ, ಶಿಲುಬೆ ಹಿಡಿದುಕೊಂಡು ನಕ್ಕ. "ಅಯ್ಯೋ ಮಹಾನುಭಾವ! ಗುರುತುಗಾರನಿಗೆ ಬಣ್ಣ ಕಾಣ್ಸಲ್ವಂತೆ! ಇನ್ನೇನು, ಪಾದ್ರಿಗೆ ದೇವರು ಗೊತ್ತಿಲ್ಲ ಅನ್ನು!" ಅವನು ಲುಬೋಶನ ಬೆನ್ನಿಗೆ ಪಟಪಟ ಬಡಿದ. "ಹೆಂಡತಿ ಮಾನ ಉಳಿಸೋಕೆ ಇಷ್ಟು ದೊಡ್ಡ ಸುಳ್ಳು! ನೋಡಮ್ಮ ಲಿಬೂಶೆ, ಗಂಡಸು ಅಂದ್ರೆ ಹೀಗಿರ್ಬೇಕು."

"ನಮ್ಮನೇಲಿರೋದಂತೂ ಉಪ್ಪಿನ ಡಬ್ಬಿ ಕಳೆದ್ರೂ ನನ್ನ ಮೇಲೇ ಹಾಕುತ್ತೆ," ಅಂದಳು ಲಿಬೂಶೆ. ಅವಳ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

"ನಿಜ ಹೇಳ್ತಿದೀನಿ," ಅಂದ ಲುಬೋಶ್.

"ಆಯ್ತಪ್ಪಾ, ಆಯ್ತು. ನಿಜ." ಒತಾಕರ್ ಕಣ್ಣು ಮಿಟುಕಿಸಿದ. "ಇಬ್ರೂ ಸೇರಿ ವಸಂತಕ್ಕೆ ತಿದ್ದಿ ಬಳೀರಿ, ಮುಗೀತು. ನಾವು ಕೆಳಗೆ ಹೋಗಿ ಬೆಂಕಿ ಹಾಕಿ ಸಾಸೇಜ್ ಚುಚ್ಚಿರ್ತೀವಿ, ನೀವು ಬನ್ನಿ ನಿಧಾನಕ್ಕೆ." ಇಬ್ಬರೂ ಸರಪಳಿ ಹಿಡಿದು ಇಳಿದು ಹೋದರು. ಅವರ ನಗು ಮರಗಳ ನಡುವೆ ಬಹಳ ಹೊತ್ತು ಕೇಳುತ್ತಿತ್ತು.

ಹೀಗೂ ಉಂಟೇ? ಎದೆ ಕೆಟ್ಟಿದೆ ಎಂದಾಗ ಇಡೀ ಕುಲ ನಂಬಿತು. ಎಲೆ ನೋಡಿ ಆಹಾ ಎಂದಾಗ ಊರು ನಂಬಿತು. ಜೀವಮಾನದಲ್ಲಿ ಒಂದು ನಿಜ ಆಡಿದ, ಅದನ್ನು ಇಬ್ಬರು ಸಾಕ್ಷಿಗಳು ಸುಳ್ಳೆಂದು ತೀರ್ಮಾನಿಸಿ, ಮೆಚ್ಚಿ, ಸಾಸೇಜ್ ಸುಡಲು ಹೋದರು. ಯಾರ್ಮಿಲಾ ಹತ್ತಿರ ಸರಿದು ಕುಳಿತಳು. ಏಪ್ರಿಲ್ಲಿನಿಂದ ಅವಳು ಇಷ್ಟು ಹತ್ತಿರ ಬಂದಿರಲಿಲ್ಲ. ಅವಳ ಕೈ ಅವನ ತೋಳಿನೊಳಗೆ ಬಂದು ಸೇರಿತು.

"ಸುಳ್ಳುಬುರುಕ," ಅಂದಳು ಮೆಲ್ಲಗೆ. "ಸೀಸೆ ಅದಲುಬದಲಾಯ್ತು ಅಂದಿದ್ರೆ ಸಾಕಿತ್ತು. ನನಗೋಸ್ಕರ ನೀನು ಅವರ ಮುಂದೆ ಕುರುಡ ಆಗ್ತೀಯ ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ ಕಣೋ. ಪದಕದ ಮನುಷ್ಯ ನೀನು." ಮೂಗು ಒರೆಸಿಕೊಂಡಳು. "ಬ್ರ್ನೋ ಎಲ್ಲಿಗೆ ಹೋಗುತ್ತೆ, ಅಲ್ಲೇ ಇರುತ್ತೆ. ನೋಡೋಣ ಬಿಡು."

ಅವನಿಗೆ ಬೇಕಾದದ್ದು ಸಿಕ್ಕಿಬಿಟ್ಟಿತ್ತು. ಸುಮ್ಮನಿದ್ದರಾಯಿತು; ಸುಮ್ಮನಿರುವುದರಲ್ಲಿ ಅವನಷ್ಟು ಪಳಗಿದವರು ಈ ಬೆಟ್ಟದಲ್ಲಿ ಯಾರಿದ್ದರು? ತೋಳಿನ ಮೇಲಿನ ಕೈ ಬೆಚ್ಚಗಿತ್ತು. ಎಷ್ಟು ಸುಖವಾಗಿತ್ತೆಂದರೆ ಅಳು ಬರುವಂತಾಯಿತು. ಯಾರ್ಮಿಲಾ ಗಲ್ಲವೆತ್ತಿ ಎದುರು ಇಳಿಜಾರು ತೋರಿಸಿದಳು. "ಅಲ್ನೋಡು, ಆ ಒಂದು ಬೀಚ್ ಮರ. ಸುತ್ತ ಎಲ್ಲಾ ಸ್ಪ್ರೂಸ್, ಕಡು ಹಸಿರು, ಅದರ ಮಧ್ಯೆ ಇದೊಂದೇ ಕೆಂಪಗೆ ಹೊತ್ಕೊಂಡು ನಿಂತಿದೆ. ಎಷ್ಟು ಚೆನ್ನಾಗಿದೆ ಅಲ್ವಾ?"

ಅವನು ನೋಡಿದ. ಇಳಿಜಾರು ಒಂದೇ ಬಣ್ಣವಾಗಿ ಹರಡಿಕೊಂಡಿತ್ತು. ಹೌದು ಎನ್ನುವ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು, ಒಂದು ಕ್ಷಣ ತಡ ಮಾಡಿ ಹೇಳುವ ಆ ಗಾಂಭೀರ್ಯವೂ ಸಿದ್ಧವಾಗಿತ್ತು.

"ಯಾವ ಮರ?" ಅಂದ.

"ಅದೇ ಕಣೋ, ನನ್ನ ಬೆರಳ ನೇರಕ್ಕೆ."

"ಕಾಣ್ಸಲ್ಲ."

"ಸಾಕು ನಾಟಕ, ಅವರು ಇಳಿದು ಹೋದ್ರು."

"ಕಾಣ್ಸಲ್ಲ ಯಾರ್ಮಿಲಾ. ಅಲ್ಲಿ ಒಂದು ಮರ ಬೇರೆಯಾಗಿದೆ ಅಂತ್ಲೇ ನಂಗೆ ಕಾಣ್ತಿಲ್ಲ."

ಅವಳು ಅವನ ಮುಖ ನೋಡಿದಳು. ಬೆರಳು ಇನ್ನೂ ಗಾಳಿಯಲ್ಲಿತ್ತು. ಅದನ್ನು ಇಳಿಸುವುದು ಅವಳಿಗೆ ಮರೆತುಹೋಗಿತ್ತು. "ಹಾಗಾದ್ರೆ ಪ್ರತಿ ಸಲ," ಅಂದಳು, "ಇದ್ಯಾವ ಬಣ್ಣ, ಹೇಳು ನೋಡೋಣ ಅಂತ..."

"ಗೊತ್ತಿಲ್ದೆ ಕೇಳ್ತಿದ್ದೆ."

"ಎದೆ? ನಿನ್ನ ಎದೆ?"

"ಎದೆ ಚೆನ್ನಾಗಿದೆ."

ತೋಳಿನೊಳಗಿದ್ದ ಕೈ ಹೊರಗೆ ಬಂತು. ಅವಳು ಅದನ್ನು ತನ್ನ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಮೊಣಕಾಲಿನ ಮೇಲೆ ಇಟ್ಟುಕೊಂಡಳು. "ಗರ್ವ ಅಂದ್ಕೊಂಡಿದ್ದೆ," ಅಂದಳು. "ಗರ್ವ ಇರೋ ಗಂಡನ ಜೊತೆ ಬದುಕೋದನ್ನ ಕಲ್ತಿದ್ದೆ. ಒಂದು ಮಾತು ಹೇಳಿದ್ರೆ ನಾನು ಜೀವನಪೂರ್ತಿ ನಿನಗೆ ಬಣ್ಣ ಹೇಳ್ತಿರ್ಲಿಲ್ವೇನೋ? ನನ್ನ ಹತ್ರನೂ ಹೇಳ್ಕೊಳ್ಳೋಕೆ ಆಗ್ಲಿಲ್ವಾ?" ಕೆಳಗಿನಿಂದ ಹೊಗೆ ಮೇಲೇಳುತ್ತಿತ್ತು; ಒತಾಕರ್ ಎರಡು ಸಲ ಅವರ ಹೆಸರು ಕೂಗಿದ; ಇಬ್ಬರೂ ಏಳಲಿಲ್ಲ.

ಬಹಳ ಹೊತ್ತಾದ ಮೇಲೆ ಯಾರ್ಮಿಲಾ ತಲೆಗೆ ಕಟ್ಟಿದ್ದ ವಸ್ತ್ರವನ್ನು ಬಿಚ್ಚಿದಳು. "ನಾನು?" ಅಂದಳು. "ನಾನು ಹೇಗೆ ಕಾಣ್ತೀನಿ ನಿನಗೆ?"

ಅವನು ತಿರುಗಿದ. ಪ್ರತಿ ಕವಲಿನಲ್ಲೂ, ಪ್ರತಿ ಮರದೆದುರೂ ಅವನು ನೋಡುತ್ತಿದ್ದದ್ದು ಈ ಮುಖವನ್ನೇ, ಉತ್ತರ ಎಲ್ಲಿ ಬರೆದಿದೆಯೆಂದು. ಬರೀ ಮುಖವನ್ನು ಎಂದೂ ನೋಡಿರಲಿಲ್ಲ. ಈಗ ನೋಡುತ್ತಾ ಕುಳಿತ.

"ಹೇಳು," ಅಂದಳು ಅವಳು. "ತಪ್ಪಾದ್ರೂ ಪರವಾಗಿಲ್ಲ."